ಕೊಡದೆ ಉಳಿದ ಬನ್ನಿ

ನಾನು ಒಂದು ವಿಆರ್ ಹೆಡ್‌ಸೆಟ್. ಕಣ್ಣಿಗೆ ಕಟ್ಟಿಕೊಂಡರೆ ಇಲ್ಲದ ಊರನ್ನು ತೋರಿಸುವ ಯಂತ್ರ. ಯಾವುದೋ ಕಾರ್ಖಾನೆಯಲ್ಲಿ ನಾಲ್ಕೇ ನಿಮಿಷಕ್ಕೆ ಹುಟ್ಟಿದೆ. ಹೆತ್ತವರ ಮುಖ ನೋಡಲಿಲ್ಲ. ಅವರೆಲ್ಲ ಮಾಸ್ಕ್ ಹಾಕಿಕೊಂಡಿದ್ದರು.

ಮೊದಲು ಹುಬ್ಬಳ್ಳಿಯ ಮಾಲ್ ಒಂದರ ಆಟದಂಗಡಿಯಲ್ಲಿದ್ದೆ. ಜನ ನನ್ನನ್ನು ತೊಟ್ಟು, ಕೂತಲ್ಲೇ ಬೆಟ್ಟದಿಂದ ಬಿದ್ದು, ಕಿರುಚಿ ಎದ್ದು ಹೋಗುತ್ತಿದ್ದರು. ಅಂಗಡಿ ಮುಚ್ಚಿದಾಗ ರೇಣುಕಾ ಎಂಬ ನರ್ಸ್ ನನ್ನನ್ನು ಗದಗಿಗೆ, ತನ್ನ ದೊಡ್ಡವ್ವ ಸುಮಂಗಲಾಬಾಯಿಗೆಂದು ತಂದಳು.

ಸುಮಂಗಲಾಬಾಯಿ ಹೊಲಿಗೆ ಕಲಿಸುವ ಟೀಚರಾಗಿದ್ದವರು. ವಯಸ್ಸು ಎಪ್ಪತ್ತೊಂದು. ಮೆಟ್ಟಿಲಿಂದ ಬಿದ್ದು ಸೊಂಟ ಮುರಿದ ಮೇಲೆ ಹಾಸಿಗೆಯೇ ಊರಾಗಿತ್ತು.

"ಏನವಾ ಇದು? ಟಾಂಗಾ ಕುದರಿಗೆ ಕಟ್ಟೋ ಕಣ್ಣಪಟ್ಟಿ ಇದ್ದಂಗೈತಿ!" ಅಂದರು. ಸಿಟ್ಟು ಬಂತು. ಆದರೂ ನನ್ನ ಕೆಲಸ ನಾನು ಮಾಡಿದೆ.

ನನ್ನೊಳಗೆ ‘ಕಟ್ಟೆ’ ಎಂಬ ಜಾಗವಿತ್ತು. ಸಂಜೆ ಐದಕ್ಕೆ ನಾನಾ ಊರಿನ ಕನ್ನಡದವರು ಅಲ್ಲಿ ಸೇರುತ್ತಿದ್ದರು. ದೇಹ, ದನಿ ಅವರವರ ಇಷ್ಟ. ಸುಕ್ಕು ಬೇಕೆಂದು ಯಾರೂ ಕೇಳಲಿಲ್ಲ. ವಯಸ್ಸು ಕೇಳಬಾರದೆಂಬ ನಿಯಮ ಬೇರೆ. ಸುಮಂಗಲಾಬಾಯಿ ಎರಡು ಜಡೆಯ ಹುಡುಗಿಯಾದರು. "ರೇಣುಕಾ, ನಾ ನಡದೆ ನೋಡ!" ಎಂದು ಹಾಸಿಗೆಯಿಂದ ಕೂಗಿದ್ದನ್ನು ನಾನು ಮರೆಯಲಾರೆ.

ಅಲ್ಲಿ ಕಮಲಿ ಸಿಕ್ಕಳು. ಹಸಿರು ಲಂಗ, ಎಳೆಯ ದನಿ. ಇಬ್ಬರೂ ದಿನಾ ಬೀಸುಕಲ್ಲಿನ ಪದ ಹಾಡುತ್ತಿದ್ದರು. ಒಂದು ಸಂಜೆ ಕಮಲಿ ಹಾಡುವಾಗ ಸುಮಂಗಲಾಬಾಯಿ ಎಲ್ಲರೆದುರು, "ಹಂಗಲ್ಲ ತಂಗಿ, ಪದಾ ಕೆಡಸಬ್ಯಾಡ" ಅಂದುಬಿಟ್ಟರು.

"ನಮ್ಮವ್ವ ಕಲಿಸಿದ್ದ್ರೀ ಅದು" ಎಂದಳು ಕಮಲಿ, ಬ್ಲಾಕ್ ಒತ್ತಿದಳು. ಅಂದಿನಿಂದ ಒಬ್ಬರಿಗೊಬ್ಬರು ಬೂದು ನೆರಳು, ದನಿಯೂ ಕೇಳದು. ಊರಲ್ಲಿ ಮಾತು ಬಿಟ್ಟವರು ಬಾವಿಕಟ್ಟೆಯಲ್ಲಾದರೂ ಎದುರಾಗುತ್ತಾರೆ. ನನ್ನಲ್ಲಿ ಆ ಅನುಕೂಲವಿಲ್ಲ.

ಮೂರು ತಿಂಗಳು ಸುಮಂಗಲಾಬಾಯಿ ಹಾಡಲಿಲ್ಲ. ಕಟ್ಟೆ ನೋಡಿಕೊಳ್ಳುವ ಈರಣ್ಣನಿಗೆ ಇದು ತಡೆಯದಾಯಿತು. ದಸರಾಕ್ಕೆ ಕಟ್ಟೆಯ ಮೇಲೆ ಬನ್ನಿ ಗಿಡ ಎಬ್ಬಿಸಿ ಇಬ್ಬರನ್ನೂ ಕರೆದ. ಎಲೆ ಕೊಟ್ಟು "ಬಂಗಾರದಂಗ ಇರೋಣ" ಅಂದರೆ ಹಳೆಯ ಜಗಳ ಮುಗಿಯಿತು ಎಂಬುದು ಈ ಕಡೆಯ ಪದ್ಧತಿ. ಆದರೆ ಕಿರಿಯರು ಮೊದಲು ಕೊಟ್ಟು ಹಿರಿಯರ ಕಾಲು ಮುಟ್ಟಬೇಕು.

ಕಮಲಿ ಬ್ಲಾಕ್ ತೆಗೆದು ಬಂದಳು. ಇಬ್ಬರೂ ಎಲೆ ಹರಿದು ಎದುರುಬದುರು ನಿಂತರು. ಯಾರೂ ಕೈ ಚಾಚಲಿಲ್ಲ.

"ಕೊಡವಾ ದೊಡ್ಡವ್ವ, ಏನಾಗತೈತಿ?" ಎಂದಳು ಹಾಸಿಗೆಯ ಪಕ್ಕದಲ್ಲಿದ್ದ ರೇಣುಕಾ.

"ಸಣ್ಣಾಕಿ ತಾನ ಮೊದಲ ಕೊಡಬೇಕು. ಪದ್ಧತಿ ಬಿಡಾಕ ಬರೂದಿಲ್ಲ" ಎಂದು ಸುಮಂಗಲಾಬಾಯಿ ಪಿಸುಗುಟ್ಟಿದರು. ಎಲೆಯನ್ನು ಮಾತ್ರ ಬಿಡಲಿಲ್ಲ. ಕೊಡುವ ಆಸೆ ಎಷ್ಟಿತ್ತೆಂದು ನನಗೆ ಗೊತ್ತು.

ಕಮಲಿ ಬಹಳ ಹೊತ್ತು ಕಾದಳು. ಆಮೇಲೆ ಎಲೆಯನ್ನು ಕಟ್ಟೆಯ ಮೇಲಿಟ್ಟು ಮಾಯವಾದಳು.

ಹದಿನೆಂಟು ದಿನದ ನಂತರ ಈರಣ್ಣ ಹೇಳಿದ: "ಅಕ್ಕಾರ, ಕಮಲಿ ತೀರಿಕೊಂಡ್ರಂತ. ಎಂಬತ್ಮೂರು ವರ್ಷ ಆಗಿತ್ತಂತ. ‘ಸಣ್ಣಾಕಿ ಬನ್ನಿ ಕೊಡಲಿಲ್ಲ’ ಅಂತ ಭಾಳ ಅತ್ತಿದ್ರಂತ್ರೀ."

ಸುಮಂಗಲಾಬಾಯಿ ನನ್ನನ್ನು ಕಳಚಲಿಲ್ಲ. ನನ್ನೊಳಗೇ ಅತ್ತರು. ನನ್ನ ಮೆತ್ತೆಯೆಲ್ಲ ನೆನೆಯಿತು. ಆಮೇಲೆ ಎಂದೂ ತೊಡಲಿಲ್ಲ.

ಈಗ ಕಪಾಟಿನಲ್ಲಿ ಹಳೆಯ ಕತ್ತರಿಗಳ ಜೊತೆ ಇದ್ದೇನೆ. ದೂರದವರನ್ನು ಹತ್ತಿರ ತರುತ್ತೇನೆಂದು ನನ್ನ ಪೆಟ್ಟಿಗೆಯ ಮೇಲೆ ಬರೆದಿದ್ದರು. ತಂದದ್ದು ನಿಜ. ಆದರೆ ಕಮಲಿಯ ಮುಖದ ಒಂದೇ ಒಂದು ಸುಕ್ಕು ತೋರಿಸಿದ್ದರೆ ಸುಮಂಗಲಾಬಾಯಿ ಆ ಕ್ಷಣವೇ ಬಗ್ಗುತ್ತಿದ್ದರು. ಅದು ನನ್ನಿಂದಾಗಲಿಲ್ಲ.

ಈ ದಸರಾಕ್ಕೆ ರೇಣುಕಾ ನಿಜವಾದ ಬನ್ನಿ ತಂದಳು. ಸುಮಂಗಲಾಬಾಯಿ ಕಪಾಟಿನಿಂದ ನನ್ನನ್ನು ತರಿಸಿಕೊಂಡು, ಒಂದು ಎಲೆಯನ್ನು ನನ್ನ ಗಾಜಿನ ಮೇಲಿಟ್ಟರು. ಕಾಲು ಮುಟ್ಟುವಂತೆ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ತಪ್ಪಾತ್ರೀ ಅಕ್ಕಾರ" ಅಂದರು.

ನನ್ನ ಬ್ಯಾಟರಿ ಎಂದೋ ಸತ್ತಿದೆ. ಇದ್ದಿದ್ದರೂ, ಆ ಎಲೆಯನ್ನು ತಲುಪಿಸುವ ಊರು ನನ್ನೊಳಗೆ ಎಲ್ಲೂ ಇಲ್ಲ.