ಕೆರೆ ಏರಿಯ ದಾರಿ

ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಬಾಡಿಗೆ ಸೈಕಲ್ ಅಂಗಡಿಯ ಜವರಪ್ಪ, ಸೈಕಲ್ ಹತ್ತುವ ರೀತಿ ನೋಡಿಯೇ ಯಾರಿಗೆ ಯಾವ ದಾರಿ ಎಂದು ಹೇಳುತ್ತಿದ್ದ. ಸುತ್ತಲ ಗುಂಡಿಗಳೆಲ್ಲ ಅವನಿಗೆ ಬಾಯಿಪಾಠ. ಬಾಣಂತಿಯರನ್ನು ನೋಡಲು ಊರೂರು ಸುತ್ತುವ ಹೊಸ ನರ್ಸ್ ಸುಶೀಲಮ್ಮನಿಗೆ, "ಕೆರೆ ಏರಿ ಈಗ್ಲೇ ಬ್ಯಾಡ ಕಣ್ರವ್ವ, ರೋಡಲ್ಲೇ ಓಗಿ" ಎಂದಿದ್ದ.

ಆದರೆ ಅವತ್ತು ಕೆರೆ ತುಂಬ ತಾವರೆ ಅರಳಿದ್ದು ಕಂಡು ಅವಳು ತಡೆಯಲಾರದೆ ಏರಿಯ ದಾರಿ ಹಿಡಿದಳು. ಕೋಡಿಯ ಬಳಿ ಏರಿ ಕುಸಿದಿತ್ತು. ಇಳಿದು, ಸೈಕಲ್ ತಳ್ಳಿಕೊಂಡು ದಾಟಿದಳು.

ಸಂಜೆ ಅವಳು ಸೈಕಲ್ ಒಪ್ಪಿಸಿದಾಗ ಜವರಪ್ಪ ಚಕ್ರಕ್ಕೆ ಮೆತ್ತಿದ್ದ ಕೆರೆಮಣ್ಣು ನೋಡಿದ. ಆಮೇಲೆ ಅವಳ ಚಪ್ಪಲಿ ನೋಡಿದ. ಅಲ್ಲೂ ಅದೇ ಮಣ್ಣು. ಬೈಸಿಕೊಳ್ಳಲು ಅವಳು ತಲೆ ತಗ್ಗಿಸಿ ನಿಂತಳು.

"ಕೋಡಿ ತಾವ ಇಳ್ಕೊಂಡ್ರಾ?"

"ಹೂಂ."

"ನಾಳಿಂದ ಏರಿ ಮ್ಯಾಲೇ ಓಗಿ. ಹತ್ತೋದ್ನ ಎಲ್ರೂ ಕಲೀತಾರೆ ಕಣ್ರವ್ವ. ಎಲ್ಲಿ ಇಳೀಬೇಕು ಅಂತ ಯಾರೂ ಕಲಿಯಾಕಿಲ್ಲ."