ಬಾಟಲಿ ಬೆವರು

"ಸೈಕಲ್ ತುಳೀರಿ, ಮೈಯೂ ಹಗುರ, ಕೆಲಸಾನೂ ಸಲೀಸು" ಎಂದು ಹೆಡ್ ಕ್ಲಾರ್ಕು ಕಚೇರಿಯವರ ಕಿವಿ ತೂತಾಗುವಷ್ಟು ಬೋಧಿಸುತ್ತಿದ್ದರು. ಅಸಲಿಗೆ ಅವರ ಸೈಕಲ್ಲು ದಿನಾ ಬರುತ್ತಿದ್ದುದು ಭಾವಮೈದುನನ ವ್ಯಾನಿನಲ್ಲಿ. ಹಿಂದಿನ ಗಲ್ಲಿಯಲ್ಲಿ ಅದನ್ನಿಳಿಸಿ, ಹಣೆಗೆ ಬಾಟಲಿ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತಾ ಗೇಟು ಹೊಕ್ಕರೆ ಆಯಿತು. ಆಮೇಲೆ ದಿನವಿಡೀ ಬಡಾಯಿ.

ಇಂದು ಗೇಟಿನಲ್ಲಿ ಕಚೇರಿಯ ಟೈಪಿಸ್ಟ್ ಹೊಸ ಸೈಕಲ್ ಹಿಡಿದು ನಿಂತಿದ್ದಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು.

"ನಿಮ್ಮ ಮಾತು ಕೇಳಿ ತಗೊಂಡೆ ಸಾರ್. ದಾರೀಲಿ ಬಿದ್ದೆ. ಈ ವಯಸ್ಸಲ್ಲಿ ಸಾರೇ ತುಳೀತಾರೆ, ನನಗೇನು ಧಾಡಿ ಅಂತ ಮತ್ತೆ ಹತ್ತಿದೆ." ತನ್ನ ಟವೆಲನ್ನು ಅವರಿಗೇ ಚಾಚಿದಳು. "ಮೊದಲು ನೀವು ಒರೆಸ್ಕೊಳ್ಳಿ. ಪಾಪ, ಎಷ್ಟು ಬೆವರಿದ್ದೀರ!"

ಅವಳ ಮೊಣಕೈ ನೋಡಲಾರದೆ ಅವರು ತಲೆ ತಗ್ಗಿಸಿ ಒರೆಸಿಕೊಂಡರು. ಒರೆಸಿದ ಹಣೆಯ ಮೇಲೆ ಮತ್ತೆ ಹನಿಗಳು ಮೂಡಿದವು. ಇವು ಬಾಟಲಿಯವಾಗಿರಲಿಲ್ಲ.