ಮುತ್ತಜ್ಜಿಯ ಗೌನಿನ ಅಂಚು

ದೇಶದ ಗಡಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕಿಂತ ಗೌನಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಕೆಲವೊಮ್ಮೆ ಹೆಚ್ಚು ಗಂಭೀರವಾದ ಪ್ರಶ್ನೆ. ಆ ಮನೆಯ ಗೌನು ಶನಿವಾರದವರೆಗೆ ಪಾದ ಮುಚ್ಚುವಷ್ಟು ಉದ್ದವಿತ್ತು. ಸೋಮವಾರಕ್ಕೆ ಎರಡು ಬೆರಳು ಗಿಡ್ಡವಾಗಿತ್ತು. ಇದು ಗೊತ್ತಿದ್ದವಳು ಸೊಸೆ ಒಬ್ಬಳೇ.

ಗೌನು ಮಾವನ ಮುತ್ತಜ್ಜಿಯದು, ನೂರಿಪ್ಪತ್ತು ವರ್ಷ ಹಳೆಯದು, ಅಪ್ಪಟ ರೇಷ್ಮೆಯದು ಎಂಬುದು ಮನೆಯ ನಂಬಿಕೆ. ಹಿಂದಿನ ಕೋಣೆಯಲ್ಲಿ ಮರದ ಗೊಂಬೆಯೊಂದು ಅದನ್ನು ತೊಟ್ಟು ನಿಂತಿತ್ತು. ಬಿಸಿಲು ತಾಗಿದರೆ ರೇಷ್ಮೆ ಪುಡಿಯಾಗುತ್ತದೆಂದು ಅತ್ತೆ ಆ ಕೋಣೆಯ ಕಿಟಕಿಯನ್ನು ಇಪ್ಪತ್ತಾರು ವರ್ಷದಿಂದ ತೆರೆದಿರಲಿಲ್ಲ. ಮನೆಯಲ್ಲಿ ಸರಿಯಾಗಿ ಗಾಳಿ ಬರುವ ಕೋಣೆ ಅದೊಂದೇ, ಅದನ್ನೂ ಗೊಂಬೆಗೆ ಬರೆದುಕೊಟ್ಟಾಯಿತು ಎಂದು ಮಾವ ಗೊಣಗುತ್ತಿದ್ದರು. ಮಾವನ ಉಳಿದ ಮಾತುಗಳಂತೆ ಇದನ್ನೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ಪರೀಕ್ಷಿಸುವ ಮೇಡಂ ಸೋಮವಾರ ಬಂದು ನೋಡುತ್ತಾರೆಂದು ಸುದ್ದಿ ಬಂದಾಗ, ಸುಕ್ಕು ತೆಗೆಯುವ ಕೆಲಸ ಸೊಸೆಯ ಪಾಲಿಗೆ ಬಿತ್ತು. ಗಂಡನ ಹತ್ತಿ ಅಂಗಿಗೆಂದು ಏರಿಸಿದ್ದ ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ಇಳಿಸಲು ಅವಳು ಮರೆತಳು. ಪೆಟ್ಟಿಗೆ ಕೆಳ ಅಂಚಿಗೆ ಕಚ್ಚಿಕೊಂಡಿತು. ನಾಲ್ಕು ತಲೆಮಾರು ಬಾಳಿದ ಬಟ್ಟೆ ತನ್ನ ಕೈಯಲ್ಲಿ ನಾಲ್ಕು ಸೆಕೆಂಡು ಬಾಳಲಿಲ್ಲವಲ್ಲ ಎಂದುಕೊಂಡು ಪೆಟ್ಟಿಗೆಯನ್ನು ಎಳೆದು ಬಿಡಿಸಿದಳು. ಸುಟ್ಟ ಭಾಗ ಒಳಗೆ ಹೋಗುವಂತೆ ಸುತ್ತಲೂ ಎರಡು ಬೆರಳು ಮಡಿಸಿ, ಕೈಯಲ್ಲೇ ಹೊಲಿದು ಮುಗಿಸಿದಳು.

ಮೇಡಂ ಬಂದವರೇ ಗೌನನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹಾಸಿದರು. ಬಟ್ಟೆ ಸುಳ್ಳು ಹೇಳುವುದು ಹೊರಗಿನಿಂದ ಮಾತ್ರವಂತೆ. ಬೆನ್ನಿನ ಜಿಪ್ ಪ್ಲಾಸ್ಟಿಕ್ಕಿನದು, ಆದರೆ ಹುಕ್ಕು ಕಿತ್ತು ಜಿಪ್ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ಅದೊಂದರಿಂದ ಏನೂ ಹೇಳಲಾಗದು ಎಂದರು. ತೋಳಿನ ಲೇಸು ಬಟ್ಟೆಗಿಂತ ಹೊಸದು ಎಂದಾಗ ಅತ್ತೆ, ಇವತ್ತು ಯಾಕೋ ಸೆಕೆ ಜಾಸ್ತಿ ಎಂದರು. ಒಂದು ಎಳೆ ಕಿತ್ತು ಸುಟ್ಟು ನೋಡಬಹುದೇ ಎಂದು ಮೇಡಂ ಕೇಳಿದ್ದೇ ತಡ, ಅತ್ತೆ ಮೇಜಿಗೆ ಅಡ್ಡ ನಿಂತರು.

"ಕಡ್ಡಿ ಗೀರೋದಾದ್ರೆ ಮೊದಲು ನನಗೆ ಹಚ್ಚಿ."

ಮೇಡಂ ಕಡ್ಡಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಭೂತಗನ್ನಡಿಯನ್ನು ಅಂಚಿನ ಮೇಲೆ ಹಿಡಿದರು. ಕೈಹೊಲಿಗೆ, ಬಹಳ ಅಚ್ಚುಕಟ್ಟು ಎಂದರು.

"ಮುತ್ತಜ್ಜಿದು ಅಂದ್ರೆ ಸುಮ್ನೇನಾ?" ಅತ್ತೆ ಸೊಸೆಯ ಕಡೆ ತಿರುಗಿದರು. "ನೋಡ್ಕೊಳ್ಳೇ. ಈಗಿನವರಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

ಆ ಮನೆಯಲ್ಲಿ ಸೊಸೆಯ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು. ಸ್ವೀಕರಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಅಂಚು ಬಿಚ್ಚಿದರೆ ಮಡಿಕೆಯೊಳಗೆ ಮೂಲ ಬಟ್ಟೆ ಕೆಡದೆ ಉಳಿದಿರುತ್ತದೆ, ಅದನ್ನು ನೋಡಿಯೇ ಹೇಳುತ್ತೇನೆ ಎಂದು ಮೇಡಂ ಪುಟ್ಟ ಕತ್ತರಿ ತೆಗೆದರು.

"ಅದು ನನ್ನ ಹೊಲಿಗೆ, ಅತ್ತೆ," ಎಂದಳು ಸೊಸೆ. "ಶನಿವಾರದ್ದು. ಒಳಗೆ ಸುಟ್ಟಿದೆ."

ಮೂಲೆಯಲ್ಲಿ ಕೂತಿದ್ದ ಮಾವ ಓದುತ್ತಿದ್ದ ಪೇಪರು ಮಡಿಸಿಟ್ಟರು. ಅತ್ತೆ ಕುರ್ಚಿ ಹುಡುಕಿಕೊಂಡು ಕೂತರು. ಮೇಡಂ ಮಾತ್ರ ಏನೂ ಆಗಿಲ್ಲವೆಂಬಂತೆ ಅಂಚು ಬಿಚ್ಚಿ, ಸುಟ್ಟ ಜಾಗಕ್ಕೆ ಉಗುರು ತಾಗಿಸಿದರು. ಟಕ್ ಟಕ್ ಎಂದಿತು.

"ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂತಾ?"

"ಇಲ್ಲ. ಬಕೆಟ್ಟು ಸುಟ್ಟ ಹಾಗೆ ಬಂತು."

"ರೇಷ್ಮೆ ಸುಟ್ರೆ ಕೂದಲಿನ ವಾಸನೆ ಬಂದು ಬೂದಿ ಆಗುತ್ತಮ್ಮ, ಹೀಗೆ ಕರಗಿ ಗಟ್ಟಿಯಾಗಲ್ಲ. ಇದು ಪಾಲಿಯೆಸ್ಟರ್. ಹೆಚ್ಚಂದ್ರೆ ಐವತ್ತು ವರ್ಷ." ಹಳೆಯ ಮಾದರಿ ನೋಡಿ ಯಾರೋ ನಾಟಕಕ್ಕೆ ಹೊಲಿಸಿರಬೇಕೆಂದೂ, ತಾವು ಮಾಡಲಾಗದ ಪರೀಕ್ಷೆಯನ್ನು ಸೊಸೆ ಶನಿವಾರವೇ ಮಾಡಿಟ್ಟಿದ್ದಕ್ಕೆ ಉಪಕಾರವಾಯಿತೆಂದೂ ಮೇಡಂ ಹೇಳಿದರು.

ಆದರೂ ಸೊಸೆ ಸಿಡಿಲು ಈಗ ಬಡಿಯುತ್ತದೆ, ಇನ್ನೊಂದು ಕ್ಷಣಕ್ಕೆ ಬಡಿಯುತ್ತದೆ ಎಂದು ಕಾದಳು. ಅತ್ತೆ ಮೇಡಂ ಅವರನ್ನು ಖಂಡಿತಾನಾ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಹೌದೆಂದ ಮೇಲೆ ಉದ್ದಕ್ಕೆ ಉಸಿರು ಬಿಟ್ಟರು.

"ತೋಳಿನ ಲೇಸು ನಾನು ಹಾಕಿದ್ದು ಕಣೇ. ಮದುವೆಯಾದ ವರ್ಷ ಟೀ ಚೆಲ್ಲಿದ್ದೆ. ಕಲೆ ಹೋಗ್ಲೇ ಇಲ್ಲ. ನಮ್ಮತ್ತೆಗೆ ಕೊನೇವರೆಗೂ ಹೇಳಲಿಲ್ಲ."

"ನನಗೂ ಹೇಳಲಿಲ್ಲ," ಎಂದರು ಮಾವ.

"ನಿಮಗೆ ಹೇಳೋದೂ ಒಂದೇ, ಊರಿಗೆ ಡಂಗುರ ಹೊಡೆಸೋದೂ ಒಂದೇ."

ಮೊದಲು ನಕ್ಕವರು ಅತ್ತೆ. ಸೊಸೆ ಅನುಮತಿ ಸಿಕ್ಕಂತೆ ಆಮೇಲೆ ನಕ್ಕಳು. ಹಿಂದಿನ ಕೋಣೆಯ ಕಿಟಕಿ ತೆರೆಯಲು ಮಾವನಿಗೆ ಒಂದು ಸ್ಕ್ರೂಡ್ರೈವರು, ಸ್ವಲ್ಪ ಎಣ್ಣೆ, ಅರ್ಧ ಗಂಟೆ ಬೇಕಾಯಿತು. ಗಾಳಿ ಅವರು ಹೇಳಿದಷ್ಟೇ ಚೆನ್ನಾಗಿ ಬಂತು; ಅದನ್ನು ಅವರು ಎಲ್ಲರಿಗೂ ಒಂದೊಂದು ಸಲ ತಿಳಿಸಿದರು.

ಮಧ್ಯಾಹ್ನ ಗೌನನ್ನು ಹಾಸಿಗೆಯ ಹೊದಿಕೆಗಳ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿದರು. ಅದಕ್ಕೆ ಏನೂ ಆಗಲಿಲ್ಲ. ಇಸ್ತ್ರಿಯೂ ಬೇಕಾಗಲಿಲ್ಲ.